ಬೀಳುವ ಮೊದಲು ನೆಲದ ಮೇಲೆ ನಡೆದದ್ದು: ಸಣ್ಣ ವಿಮಾನಗಳ ಅಪಘಾತಗಳು ಮತ್ತು ಅವುಗಳ ಕಾರಣಗಳು



ಬಾಳೆಗುಳಿಯ ಈ ಹೆದ್ದಾರಿ ಕೂಡುದಾರಿಯಲ್ಲಿ ನಿಂತು ವಿಮಾನದ ಮಾತನ್ನೇಕೆ ಆಡಬೇಕು ಎಂದು ಕೆಲವರಿಗೆ ಅನ್ನಿಸಿರಬಹುದು. ಸೀಬರ್ಡ್ ಯೋಜನೆಯ ಎರಡನೆಯ ಹಂತದಲ್ಲಿ ಅಲಗೇರಿಯ ನೆಲದ ಮೇಲೆ ನೌಕಾಪಡೆಯ ವಿಮಾನನೆಲೆ, ಅದಕ್ಕೆ ಹೊಂದಿಕೊಂಡು ಜನರ ಬಳಕೆಗೆ ವಿಮಾನ ನಿಲ್ದಾಣ ಎಂಬ ಮಾತು ವರ್ಷಗಳಿಂದ ನಡೆದಿದೆ. ಪರಿಹಾರದ ಬಗ್ಗೆ ಸಭೆಗಳಾಗಿವೆ, ಮನವಿಗಳು ಹೋಗಿವೆ. ಅದು ಸರಿ, ಆಗಲೇಬೇಕು. ಸೀಬರ್ಡಿಗೆ, ಕೈಗಾಕ್ಕೆ, ಕೊಂಕಣ ರೈಲಿಗೆ, ಚತುಷ್ಪಥಕ್ಕೆ ಒಂದಾದ ಮೇಲೊಂದರಂತೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಇದು. ಆದರೆ ಆ ನೆಲದ ಮೇಲಿಂದ ಏನು ಹಾರುತ್ತದೆ, ಹಾರಿದ್ದು ಕೆಲವೊಮ್ಮೆ ಏಕೆ ಬೀಳುತ್ತದೆ, ಬಿದ್ದ ಮೇಲೆ ಯಾರು ಯಾವ ಪ್ರಶ್ನೆ ಕೇಳುತ್ತಾರೆ ಎಂಬುದನ್ನು ನಾವು ಇನ್ನೂ ಕೂತು ಮಾತಾಡಿಲ್ಲ. ಆ ಮಾತನ್ನು ಇಂದು ಶುರುಮಾಡೋಣ ಎಂಬುದು ನನ್ನ ಆಸೆ.

ದೊಡ್ಡ ವಿಮಾನ ಬಿದ್ದರೆ ವಾರಗಟ್ಟಲೆ ಸುದ್ದಿಯಾಗುತ್ತದೆ. ಎರಡು, ನಾಲ್ಕು, ಹತ್ತು ಜನರ ಸಣ್ಣ ವಿಮಾನ ಬಿದ್ದಾಗ ಒಳಗಿದ್ದವರು ಹೆಸರಾಂತರಾಗಿದ್ದರೆ ಮಾತ್ರ ನೆನಪುಳಿಯುತ್ತದೆ, ಅದೂ ಅವರ ನೆನಪು. ಅಪಘಾತ ಮರೆತುಹೋಗುತ್ತದೆ. ‘ಪೈಲಟ್ ತಪ್ಪು’ ಅಥವಾ ‘ಹವಾಮಾನ ವೈಪರೀತ್ಯ’ ಎಂಬ ಎರಡು ಪದಗಳಲ್ಲಿ ಕಡತ ಮುಚ್ಚಿತೆಂದು ನಾವು ತಿಳಿಯುತ್ತೇವೆ. ಇಂಥ ಅಪಘಾತಗಳ ತನಿಖಾ ವರದಿಗಳನ್ನು ಓದುತ್ತ ಬಂದ ನನಗೆ ಒಂದು ಮಾತು ಗಟ್ಟಿಯಾಗಿ ಮನವರಿಕೆಯಾಗಿದೆ. ಆಕಾಶದಲ್ಲಿ ನಡೆಯುವುದು ಕೊನೆಯ ಕೆಲವು ಸೆಕೆಂಡು. ಅದಕ್ಕೆ ಬೇಕಾದ ಹೆಚ್ಚಿನದೆಲ್ಲ ನೆಲದ ಮೇಲೆ, ಮೇಜಿನ ಮುಂದೆ, ಫೋನಿನಲ್ಲಿ, ಎಷ್ಟೋ ಮೊದಲೇ ನಡೆದಿರುತ್ತದೆ.

ತನಿಖೆ ಎಂದರೇನು ಎಂಬುದನ್ನು ಮೊದಲು ನೋಡೋಣ. 1944ರ ಷಿಕಾಗೊ ಒಪ್ಪಂದದ ಹದಿಮೂರನೆಯ ಅನುಬಂಧ ಈ ವಿಷಯದಲ್ಲಿ ಜಗತ್ತಿಗೆಲ್ಲ ಆಧಾರ. ಮುಂದಿನ ಅಪಘಾತವನ್ನು ತಡೆಯುವುದೊಂದೇ ತನಿಖೆಯ ಉದ್ದೇಶ, ತಪ್ಪು ಹೊರಿಸುವುದಾಗಲಿ ಹೊಣೆ ಹಂಚುವುದಾಗಲಿ ಅದರ ಕೆಲಸವಲ್ಲ ಎಂದು ಅದು ಹೇಳುತ್ತದೆ. ನಮ್ಮಲ್ಲಿ ಮೊದಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ, ಅಂದರೆ ಡಿಜಿಸಿಎ, ಬಹುತೇಕ ತನಿಖೆಗಳನ್ನು ನಡೆಸುತ್ತಿತ್ತು. ನಿಯಮ ಮಾಡುವವರೇ ತನಿಖೆಯನ್ನೂ ಮಾಡಬಾರದೆಂಬ ವಿವೇಕದಿಂದ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಎಂಬ ಬೇರೆ ಸಂಸ್ಥೆ ಹುಟ್ಟಿತು. ಪೊಲೀಸರ ಪಂಚನಾಮೆ ಬೇರೆ, ನ್ಯಾಯಾಲಯದ ತೀರ್ಪು ಬೇರೆ, ಇದು ಬೇರೆ. ಇಲ್ಲಿ ‘ಸಂಭವನೀಯ ಕಾರಣ’ ಎಂದು ಒಂದು ವಾಕ್ಯ ಬರೆಯುತ್ತಾರೆ. ಅದರ ಕೆಳಗೆ ‘ಪೂರಕ ಅಂಶಗಳು’ ಎಂದು ಕೆಲವು ಸಾಲು ಬರೆಯುತ್ತಾರೆ. ಪತ್ರಿಕೆಗಳು ಮೊದಲ ವಾಕ್ಯವನ್ನು ಅಚ್ಚುಹಾಕುತ್ತವೆ. ಕಲಿಯುವುದಕ್ಕೆ ಇರುವುದು ಆ ಕೆಳಗಿನ ಸಾಲುಗಳಲ್ಲಿ.

ಅಂಕೋಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ‘ಮಳೆ ಜಾಸ್ತಿಯಾಯಿತು’ ಎಂಬ ಉತ್ತರಕ್ಕೆ ನೀವು ಸುಮ್ಮನಾಗಲಿಲ್ಲ. ಮಳೆ ಬಂದದ್ದು ನಿಜ. ಗುಡ್ಡವನ್ನು ಕಡಿದ ರೀತಿ ಯಾವುದು, ಕಡಿಯಲು ಒಪ್ಪಿದವರು ಯಾರು ಎಂದು ಕೇಳಿದಿರಿ. ವಿಮಾನದ ವಿಷಯದಲ್ಲೂ ಕೇಳಬೇಕಾದದ್ದು ಇದೇ ಬಗೆಯ ಪ್ರಶ್ನೆ.

ಹಳೆಯದೊಂದು ಪ್ರಕರಣದಿಂದ ಹೊರಡುತ್ತೇನೆ. 1932ರ ಅಕ್ಟೋಬರ್ 15. ಅಂಕೋಲಾ, ಸಿದ್ದಾಪುರ ಸೀಮೆಗಳು ಕರನಿರಾಕರಣೆಯ ಹೋರಾಟದಲ್ಲಿದ್ದ ವರ್ಷ ಅದು. ಆ ದಿನ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದಿನ ಮೇಲಿಂದ ಮುಂಬಯಿಯ ಜುಹುವಿಗೆ ಟಪಾಲು ಹೊತ್ತ ಪುಟ್ಟ ವಿಮಾನವನ್ನು ಹಾರಿಸಿಕೊಂಡು ಬಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಟಪಾಲನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಕನ್ನಡದ ನೆಲಕ್ಕೆ ನಿಯತವಾದ ವಿಮಾನ ಟಪಾಲು ಇಳಿದದ್ದು ಹೀಗೆ, ಬಳ್ಳಾರಿಯಲ್ಲಿ. ಆ ವಿಮಾನ ಡಿ ಹ್ಯಾವಿಲೆಂಡ್ ಕಂಪನಿಯ ಪುಸ್ ಮಾತ್. ಒಂದೇ ಎಂಜಿನ್, ಮೇಲ್ಭಾಗದಲ್ಲಿ ಒಂದೇ ಜೊತೆ ರೆಕ್ಕೆ, ಆ ರೆಕ್ಕೆಗಳಿಗೆ ಕೆಳಗಿನಿಂದ ಆನಿಕೆ ಕೊಟ್ಟ ಓರೆ ಕಂಬಿಗಳು.

ಈ ಹೆಮ್ಮೆಯ ಕಥೆ ಶಾಲೆಯ ಪುಸ್ತಕಗಳಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಇನ್ನೊಂದಿದೆ. ಅದೇ ವರ್ಷಗಳಲ್ಲಿ ಅದೇ ಮಾದರಿಯ ವಿಮಾನಗಳು ಬೇರೆ ಬೇರೆ ದೇಶಗಳಲ್ಲಿ ಹಾರುತ್ತಿರುವಾಗಲೇ ರೆಕ್ಕೆ ಮುರಿದು ಬೀಳುತ್ತಿದ್ದವು. 1930ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಬಿತ್ತು. 1932ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಸಂಸದರೊಬ್ಬರ ಮಗ ಬ್ರೂಸ್ ಬಾಸಮ್ ಸತ್ತದ್ದೂ ಇದೇ ಮಾದರಿಯಲ್ಲಿ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಗಾಳಿಯನ್ನು ದೂರಬಹುದು, ಹಾರಿಸಿದವನ ಕೈಯನ್ನು ದೂರಬಹುದು. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿದಾಗಲೇ ಬೇರೆ ಪ್ರಶ್ನೆ ಎದ್ದದ್ದು. ಇಂಗ್ಲೆಂಡಿನ ಪ್ರಯೋಗಾಲಯಗಳಲ್ಲಿ ದೀರ್ಘ ಪರೀಕ್ಷೆಗಳಾದವು. ಕುಲುಕುವ ಗಾಳಿಯಲ್ಲಿ, ಕೆಲವು ಸ್ಥಿತಿಗಳಲ್ಲಿ, ರೆಕ್ಕೆಯ ಮುಂದಿನ ಆನಿಕೆ ಕಂಬಿ ಸೋಲುತ್ತದೆ, ಅದು ಸೋತರೆ ರೆಕ್ಕೆಯೂ ಉಳಿಯುವುದಿಲ್ಲ ಎಂದು ಗೊತ್ತಾಯಿತು. ಪರಿಹಾರ ಎಷ್ಟು ಸಣ್ಣದೆಂದರೆ, ಮುಂದಿನ ಕಂಬಿಯಿಂದ ಹಿಂದಿನ ಕಂಬಿಯ ಬುಡಕ್ಕೆ ಒಂದು ಪುಟ್ಟ ಅಡ್ಡಕಂಬಿ ಕೊಟ್ಟರು. ಅಷ್ಟೇ.

ಆ ಅಡ್ಡಕಂಬಿಯನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಸತ್ತವರಲ್ಲಿ ಯಾರೊಬ್ಬರನ್ನೂ ಅದು ತಿರುಗಿ ತರಲಿಲ್ಲ. ಆದರೆ ‘ಅವನಿಗೆ ಹಾರಿಸಲು ಬರುತ್ತಿರಲಿಲ್ಲ’ ಎಂಬ ಮಾತನ್ನು ಸತ್ತವರ ಮೇಲಿಂದ ಎತ್ತಿ ತೆಗೆಯಿತು. ಆಮೇಲೆ ಹತ್ತಿದವರನ್ನು ಉಳಿಸಿತು.

ಇನ್ನು ನಮ್ಮದೇ ಕಾಲದ, ನಮ್ಮದೇ ರಾಜ್ಯದ ಪ್ರಕರಣಕ್ಕೆ ಬರೋಣ. ಇದನ್ನು ನಿಧಾನವಾಗಿ ಹೇಳಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎನ್‌ಎಎಲ್, ‘ಸರಸ್’ ಎಂಬ ಹದಿನಾಲ್ಕು ಆಸನಗಳ ವಿಮಾನವನ್ನು ರೂಪಿಸಿತು. ಸಣ್ಣ ಊರುಗಳಿಗೆ ಹೋಗಿಬರಲು, ರೋಗಿಗಳನ್ನು ಸಾಗಿಸಲು, ಟಪಾಲು ಒಯ್ಯಲು ಇಂಥದ್ದೊಂದು ಬೇಕಿತ್ತು. ನಮ್ಮಂಥ ಜಿಲ್ಲೆಗೇ ಹೇಳಿ ಮಾಡಿಸಿದಂಥ ಕನಸು ಅದು. ಮೊದಲ ಮಾದರಿ 2004ರ ಮೇ 29ರಂದು ಹಾರಿತು. ಎರಡನೆಯದು 2007ರ ಏಪ್ರಿಲ್‌ನಲ್ಲಿ. ಆ ಎರಡನೆಯ ಮಾದರಿ 2009ರ ಮಾರ್ಚ್ 6ರ ಮಧ್ಯಾಹ್ನ ಬಿಡದಿಯ ಹತ್ತಿರ, ಶೇಷಗಿರಿಹಳ್ಳಿಯ ಬಳಿ ಬಿದ್ದು ಉರಿಯಿತು. ಒಳಗಿದ್ದ ಮೂವರೂ ವಾಯುಪಡೆಯ ಪರೀಕ್ಷಾ ಹಾರಾಟ ಘಟಕದವರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ಉಳಿಯಲಿಲ್ಲ.

ಆ ದಿನದ ಕೆಲಸ ಇಷ್ಟು. ಮೇಲೆ ಹೋಗಿ, ಎರಡು ಎಂಜಿನ್‌ಗಳಲ್ಲಿ ಒಂದನ್ನು ಬೇಕೆಂದೇ ಆರಿಸಿ, ಗಾಳಿಯಲ್ಲೇ ಮತ್ತೆ ಹೊತ್ತಿಸಿ ನೋಡಬೇಕು. ಎಂದಾದರೂ ಪ್ರಯಾಣಿಕರಿದ್ದಾಗ ಎಂಜಿನ್ ಆರಿದರೆ ಪೈಲಟ್‌ಗೆ ದಾರಿ ಗೊತ್ತಿರಬೇಕಲ್ಲ, ಅದಕ್ಕಾಗಿ. ಇಲ್ಲಿ ಪ್ರೊಪೆಲ್ಲರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ರೊಪೆಲ್ಲರ್‌ನ ಅಲಗುಗಳನ್ನು ಬುಡದಲ್ಲಿ ತಿರುಗಿಸಬಹುದು. ಎಂಜಿನ್ ಆರಿದಾಗ ಅಲಗಿನ ಅಂಚು ಗಾಳಿಗೆ ಎದುರಾಗುವಂತೆ ತಿರುಗಿಸಿಡುತ್ತಾರೆ. ಇದಕ್ಕೆ ಫೆದರ್ ಮಾಡುವುದು ಎನ್ನುತ್ತಾರೆ. ದೋಣಿಯಲ್ಲಿ ಹುಟ್ಟನ್ನು ನೀರಿಗೆ ಅಂಚಾಗಿ ಹಿಡಿದರೆ ದೋಣಿ ಸಾಗುತ್ತದೆ, ಅಡ್ಡ ಹಿಡಿದರೆ ನಿಂತುಬಿಡುತ್ತದೆ ಎಂಬುದು ಈ ಸಭೆಯಲ್ಲಿ ಬಹಳ ಜನಕ್ಕೆ ಕೈಯಲ್ಲೇ ಗೊತ್ತಿರುವ ಸಂಗತಿ. ಎಂಜಿನ್ ಬಲ ಕೊಡುವ ಮೊದಲೇ ಅಲಗು ಅಡ್ಡಕ್ಕೆ ತಿರುಗಿಬಿಟ್ಟರೆ ವಿಮಾನದ ಒಂದು ಬದಿಗೆ ದೊಡ್ಡ ತಡೆ ಹುಟ್ಟುತ್ತದೆ. ವೇಗ ಸೋರುತ್ತದೆ, ಮೂತಿ ಆ ಬದಿಗೆ ಎಳೆಯುತ್ತದೆ, ಎತ್ತರ ಕರಗುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಈಗ ನೌಕಾಪಡೆಯ ಹಳೆಯ ಟುಪೊಲೆವ್-142 ವಿಮಾನವನ್ನು ತಂದು ನಿಲ್ಲಿಸಿದ್ದಾರೆ. ನಾಲ್ಕು ಎಂಜಿನ್, ಪ್ರತಿಯೊಂದಕ್ಕೂ ಎದುರುಬದುರಾಗಿ ತಿರುಗುವ ಎರಡೆರಡು ಪ್ರೊಪೆಲ್ಲರ್. ಮಕ್ಕಳನ್ನು ಕರೆದುಕೊಂಡು ಹೋದಾಗ ಆ ಅಲಗುಗಳ ಬುಡವನ್ನು ತೋರಿಸಿ. ಪಾಠ ಅಲ್ಲಿಯೇ ಇದೆ.

ಡಿಜಿಸಿಎ ವರದಿ ಹೇಳಿದ್ದು ಇದು: ಎಂಜಿನ್ ಮತ್ತೆ ಹೊತ್ತಿಸುವುದಕ್ಕೆ ವಿನ್ಯಾಸಕಾರರು ರೂಪಿಸಿದ ವಿಧಾನವೇ ತಪ್ಪಾಗಿತ್ತು, ಸಿಬ್ಬಂದಿ ಅದನ್ನು ಸಾಕಷ್ಟು ಎತ್ತರವಿಲ್ಲದಲ್ಲಿ ಅನುಸರಿಸಿದರು, ವಿಮಾನ ವೇಗವಾಗಿ ಎತ್ತರ ಕಳೆದುಕೊಂಡು ಅಸಹಜವಾಗಿ ವರ್ತಿಸಿತು. ಕೆಳಗಿನ ಸಾಲುಗಳಿಗೆ ಬನ್ನಿ. ಸಿಬ್ಬಂದಿಯ ನಡುವಿನ ಹೊಂದಾಣಿಕೆ ಸಾಲಲಿಲ್ಲ. ನಿಯಂತ್ರಣಗಳನ್ನು ಬಳಸಿದ ರೀತಿ ಸರಿಯಿರಲಿಲ್ಲ. ಹೊತ್ತಿಸುವ ಮೊದಲ ಪ್ರಯತ್ನ ಸೋತ ಮೇಲೆ ಸಿಬ್ಬಂದಿಯೂ ಪರೀಕ್ಷೆಯ ನಿರ್ದೇಶಕರೂ ಮಾತಾಡಿಕೊಂಡು ಹಾರಾಟವನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಕೊನೆಯದು: ಆ ವಿಧಾನವನ್ನು ಬರೆಯುವಾಗ ಪ್ರೊಪೆಲ್ಲರ್ ತಯಾರಿಸಿದ ಕಂಪನಿಯನ್ನು ಎನ್‌ಎಎಲ್ ಕೇಳಿರಲಿಲ್ಲ.

ಈ ಕೊನೆಯ ಸಾಲನ್ನು ನಾನು ಬಿಡಲಾರೆ. ಕೇಳಿರಲಿಲ್ಲ. ಒಂದು ಪತ್ರ, ಒಂದು ಫೋನು, ಒಂದು ಸಭೆ. ಬಿಡದಿಯ ಹೊಲಕ್ಕೆ ವಿಮಾನ ಬೀಳುವ ಎಷ್ಟೋ ಮೊದಲು, ಯಾವುದೋ ಮೇಜಿನ ಮೇಲೆ, ಆಗಬೇಕಾದ ಒಂದು ಮಾತುಕತೆ ಆಗದೆ ಉಳಿದಿತ್ತು. ಬರೆದವರು ಕೆಟ್ಟವರಲ್ಲ, ಅಜಾಗರೂಕರೆಂದೂ ನಾನು ಹೇಳಲಾರೆ. ಈ ದೇಶಕ್ಕೆ ತನ್ನದೇ ವಿಮಾನ ಬೇಕೆಂದು ವರ್ಷಗಟ್ಟಲೆ ದುಡಿದವರು ಅವರು. ಪರೀಕ್ಷಾ ಪೈಲಟ್‌ಗಳೋ, ಅಪಾಯ ಎಲ್ಲಿದೆಯೆಂದು ಹುಡುಕಿ ಬರಲಿಕ್ಕಾಗಿಯೇ ತಮ್ಮನ್ನು ಒಪ್ಪಿಸಿಕೊಂಡವರು. ಇಂಥವರ ನಡುವೆಯೂ ತಪ್ಪಿದ ಒಂದು ಪ್ರಶ್ನೆ ಮೂರು ಮನೆಗಳನ್ನು ಕತ್ತಲೆ ಮಾಡಿತು. ವರದಿ ಇದನ್ನು ಮುಚ್ಚಿಡದೆ ಬರೆಯಿತು. ಅದು ದೊಡ್ಡ ಮಾತು. ಸರಸ್ ವರ್ಷಗಳ ಕಾಲ ನಿಂತೇಹೋಗಿತ್ತು. 2018ರ ಜನವರಿ 24ರಂದು, ತಿದ್ದಿದ ಮೊದಲ ಮಾದರಿ ಬೆಂಗಳೂರಿನಲ್ಲಿ ಮತ್ತೆ ಹಾರಿತು.

ಬೆಂಗಳೂರಿನ ಜಕ್ಕೂರು ನಿಲ್ದಾಣದ ಸುದ್ದಿ ನಿಮ್ಮೆಲ್ಲರಿಗೂ ನೆನಪಿದೆ. 2004ರ ಏಪ್ರಿಲ್ 17, ಬೆಳಗಿನ ಹನ್ನೊಂದರ ಹೊತ್ತು. ನಟಿ ಸೌಂದರ್ಯ, ಅವರ ಅಣ್ಣ ಅಮರನಾಥ್, ಇನ್ನಿಬ್ಬರು ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟ ಸೆಸ್ನಾ 180 ವಿಮಾನ ಏರಿದ ಕೆಲವೇ ಕ್ಷಣಗಳಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು. ನಾಲ್ವರೂ ಸತ್ತರು. ಮುಳುಗಡೆಯ ನೋವನ್ನು ಹೇಳುವ ‘ದ್ವೀಪ’ವನ್ನು ನಿರ್ಮಿಸಿ, ಅದರಲ್ಲಿ ನಟಿಸಿದ ಕಲಾವಿದೆ ಅವರು. ನೆಲ ಕಳೆದುಕೊಂಡವರ ಈ ಜಿಲ್ಲೆಯಲ್ಲಿ ಆ ಚಿತ್ರಕ್ಕೆ ಬೇರೆಯೇ ಬೆಲೆಯಿದೆ.

ಆ ದಿನದ ವಿಮಾನಕ್ಕೆ ಏನಾಯಿತೆಂದು ತೀರ್ಪು ಕೊಡಲು ನಾನಿಲ್ಲಿ ನಿಂತಿಲ್ಲ. ಸಣ್ಣ ವಿಮಾನಕ್ಕೆ ನೆಲ ಬಿಟ್ಟ ಮೊದಲ ನಿಮಿಷ ಏಕೆ ಅಷ್ಟು ಕಠಿಣವೆಂಬುದನ್ನು ಮಾತ್ರ ಹೇಳುತ್ತೇನೆ. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ. ಬಿಸಿಲೇರಿದಂತೆ ಗಾಳಿ ಇನ್ನೂ ತೆಳುವಾಗುತ್ತದೆ. 34 ಡಿಗ್ರಿ ಬಿಸಿಲಿನ ದಿನ ಆ ನೆಲದ ಮೇಲಿನ ಗಾಳಿ ಆರು ಸಾವಿರ ಅಡಿ ಎತ್ತರದ ಗಾಳಿಯಂತೆ ವರ್ತಿಸುತ್ತದೆ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ, ಪ್ರೊಪೆಲ್ಲರ್‌ಗೆ ಹಿಡಿತ ಕಡಿಮೆ. ಸಾಮಾನು, ಇಂಧನ, ಜನ ಎಷ್ಟು ಎಂಬ ಲೆಕ್ಕವನ್ನು ಹತ್ತುವ ಮೊದಲೇ ಮಾಡಿ ಮುಗಿಸಿರಬೇಕು, ಏರಿದ ಮೇಲೆ ಮಾಡಲಿಕ್ಕಾಗದು. ನೂರಿನ್ನೂರು ಅಡಿಯಲ್ಲಿ ಏನಾದರೂ ಕೆಟ್ಟರೆ ನಿಲ್ದಾಣದ ಕಡೆಗೇ ತಿರುಗಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. ತಿರುಗಿಸಿದಷ್ಟೂ ರೆಕ್ಕೆಯ ಮೇಲಿನ ಭಾರ ಹೆಚ್ಚುತ್ತದೆ. ವೇಗ ಸಾಲದಿದ್ದರೆ ಗಾಳಿ ರೆಕ್ಕೆಯನ್ನು ಬಿಟ್ಟುಬಿಡುತ್ತದೆ. ಮೇಲೆ ಐದು ಸಾವಿರ ಅಡಿಯಲ್ಲಿ ಹೀಗಾದರೆ ಮೂತಿ ತಗ್ಗಿಸಿ ವೇಗ ಗಳಿಸಿ ಸುಧಾರಿಸಿಕೊಳ್ಳಬಹುದು. ನೂರು ಅಡಿಯಲ್ಲಿ ತಗ್ಗಿಸಲಿಕ್ಕೆ ಜಾಗವೆಲ್ಲಿದೆ? ಹಾಗಾಗಿ ಹಾರಾಟದ ಶಾಲೆಗಳಲ್ಲಿ ಮೊದಲೇ ಕಲಿಸುತ್ತಾರೆ: ಏರುವಾಗ ಎಂಜಿನ್ ಸೋತರೆ ಹಿಂದಿರುಗಬೇಡ, ಮುಂದೆ ಕಾಣುವ ಬಯಲಿಗೆ ನೇರ ಇಳಿಸು. ಆ ಬಯಲು ಇರಬೇಕು ಎಂಬುದೇ ನಮ್ಮಂಥ ಊರಿನವರು ನೆನಪಿಡಬೇಕಾದದ್ದು. ನಿಲ್ದಾಣದ ಬೇಲಿಯಾಚೆ ರನ್‌ವೇಯ ಎರಡು ತುದಿಗಳ ಮುಂದಿನ ನೆಲವನ್ನು ಬಡಾವಣೆಗಳಿಗೆ ಬಿಟ್ಟುಕೊಟ್ಟರೆ ಆ ಕ್ಷಣದಲ್ಲಿ ಪೈಲಟ್‌ಗೂ ಜಾಗವಿರದು, ಕೆಳಗಿನ ಮನೆಯವರಿಗೂ ರಕ್ಷಣೆಯಿರದು. ಕಡಲಮಟ್ಟದ ಅಲಗೇರಿಗೆ ತೆಳುಗಾಳಿಯ ತೊಂದರೆ ಕಡಿಮೆ. ನಮ್ಮ ತೊಂದರೆಗಳು ಬೇರೆ, ಅವಕ್ಕೆ ಬರುತ್ತೇನೆ.

ಅವಸರದ ಬಗ್ಗೆ ಹೇಳದೆ ಈ ವಿಷಯ ಮುಂದೆ ಹೋಗುವುದಿಲ್ಲ. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಕಾನ್ಪುರದ ಸಭೆಗೆ ಹೊರಟಿದ್ದ ಕಿಂಗ್ ಏರ್ ಸಿ-90 ವಿಮಾನ ಮೈನ್‌ಪುರಿಯ ಬಳಿ ಕೆಟ್ಟ ಹವೆಯಲ್ಲಿ ಬಿತ್ತು. ಎಂಟು ಜನ ಸತ್ತರು, ಅವರಲ್ಲಿ ಪತ್ರಕರ್ತರೂ ಇದ್ದರು. ಮರುವರ್ಷ ಮಾರ್ಚ್ 3ರಂದು ಲೋಕಸಭೆಯ ಅಧ್ಯಕ್ಷ ಜಿ.ಎಂ.ಸಿ. ಬಾಲಯೋಗಿ ಅವರ ಹೆಲಿಕಾಪ್ಟರ್ ಆಂಧ್ರದ ಕೈಕಲೂರಿನ ಹತ್ತಿರ ಮಸುಕಿನಲ್ಲಿ ಇಳಿಯಲು ನೋಡಿತು. ಕೆಳಗೆ ಕಂಡದ್ದು ನೆಲವೆಂದು ಪೈಲಟ್ ತಿಳಿದರು, ಅದು ಮೀನಿನ ಕೆರೆ. ತಿಳಿದ ಕೂಡಲೆ ಮೇಲೆತ್ತಿದಾಗ ತೆಂಗಿನ ಮರಕ್ಕೆ ತಗುಲಿತು. ಅಘನಾಶಿನಿಯ ಉದ್ದಕ್ಕೂ ಸಿಗಡಿ ಕೆರೆಗಳನ್ನು ನೋಡಿದವರಿಗೆ ಈ ಭ್ರಮೆ ಎಷ್ಟು ಸುಲಭವೆಂದು ಅರ್ಥವಾಗುತ್ತದೆ.

2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಬೆಲ್ 430 ಹೆಲಿಕಾಪ್ಟರ್ ಹೈದರಾಬಾದಿನಿಂದ ಚಿತ್ತೂರಿಗೆ ಹೊರಟು ನಲ್ಲಮಲ ಕಾಡಿನಲ್ಲಿ ಬಿತ್ತು. ಐವರೂ ಸತ್ತರು. ಗುಡುಗುಮೋಡದ ತಳದಲ್ಲಿ ಬಲವಾಗಿ ಕೆಳಕ್ಕೆ ನುಗ್ಗುವ ಗಾಳಿಗೆ ಸಿಕ್ಕಿ ಹಿಡಿತ ತಪ್ಪಿತೆಂಬುದು ಕಾರಣ. ಆ ವರದಿಯಲ್ಲಿ ಒಂದು ಭಾಗವಿದೆ, ಓದುವಾಗ ಎದೆ ಬಿಗಿಯುತ್ತದೆ. ಗೇರ್‌ಬಾಕ್ಸಿನ ಎಣ್ಣೆಯ ಒತ್ತಡದ ಬಗ್ಗೆ ಒಂದು ಸೂಚನೆ ಬಂತು. ಆಗ ಏನು ಮಾಡಬೇಕೆಂದು ಹೇಳುವ ಪುಟವನ್ನು ಹುಡುಕುವುದರಲ್ಲಿ ಆರು ನಿಮಿಷಕ್ಕೂ ಮೇಲೆ ಹೋಯಿತು. ಆ ಹೊತ್ತಿನಲ್ಲಿ ಹೊರಗೆ ಮೋಡ ಬೆಳೆಯುತ್ತಿತ್ತು. ಪುಸ್ತಕದ ಪುಟಗಳನ್ನು ಹೇಗೆ ಜೋಡಿಸಬೇಕು ಎಂಬುದೂ ಪ್ರಾಣದ ವಿಷಯವೇ.

ಮೂರರಲ್ಲಿಯೂ ಕೆಳಗೆ ಎಲ್ಲೋ ಒಂದು ಸಭೆ, ಒಂದು ವೇದಿಕೆ ಕಾಯುತ್ತಿತ್ತು, ಇಲ್ಲವೆ ತಲುಪಲೇಬೇಕಾದ ಊರೊಂದಿತ್ತು. ‘ಇವತ್ತು ಬೇಡ ಸಾರ್’ ಎಂದು ಹೇಳುವ ಅಧಿಕಾರ ಕಾಗದದ ಮೇಲೆ ಪೈಲಟ್‌ನದೇ. ಆದರೆ ಎದುರಿಗೆ ಮುಖ್ಯಮಂತ್ರಿ ಕೂತಿದ್ದಾಗ, ಅತ್ತ ಸಾವಿರಾರು ಜನ ಕಾಯುತ್ತಿದ್ದಾಗ, ಆ ಮಾತು ಬಾಯಿಗೆ ಬರುವಷ್ಟು ಬಲವನ್ನು ನಾವು ಅವನಿಗೆ ಕೊಟ್ಟಿದ್ದೇವೆಯೇ? ಇದು ಸಣ್ಣ ವಿಮಾನಕ್ಕಷ್ಟೇ ಸೇರಿದ್ದಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ದೊಡ್ಡ ವಿಮಾನದಲ್ಲಿ ಇಳಿಯುವುದನ್ನು ಬಿಟ್ಟು ಮತ್ತೆ ಏರಿ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಹಿರಿಯರು ಇಳಿಸಿದರು.

ಈಗ ನಮ್ಮ ಕಡಲಿಗೆ ಬರುತ್ತೇನೆ. ಮೋಡದೊಳಗೆ ಹೋದ ಮನುಷ್ಯನಿಗೆ ತಾನು ವಾಲಿದ್ದೇನೋ ನೆಟ್ಟಗಿದ್ದೇನೋ ಗೊತ್ತಾಗುವುದಿಲ್ಲ. ಕಿವಿಯೊಳಗಿನ ದ್ರವ ನಿಧಾನದ ತಿರುವನ್ನು ಹಿಡಿಯಲಾರದು. ಕಣ್ಣಿಗೆ ದಿಗಂತ ಬೇಕೇ ಬೇಕು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಮೀಟರುಗಳನ್ನಷ್ಟೇ ನಂಬಿ ಹಾರಿಸುವ ತರಬೇತಿಯಿಲ್ಲದ 20 ಪೈಲಟ್‌ಗಳಿಗೆ ಹೊರಗಿನ ನೋಟವನ್ನು ಮರೆಮಾಡಿ ಪರೀಕ್ಷಿಸಿದರು. ಅವರೆಲ್ಲರೂ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡು. ಮೂರು ನಿಮಿಷವೂ ಇಲ್ಲ. ಕೆನಡಿ ಅಧ್ಯಕ್ಷರ ಮಗ 1999ರ ಜುಲೈ 16ರ ರಾತ್ರಿ ತನ್ನ ಪೈಪರ್ ವಿಮಾನದಲ್ಲಿ ಸಮುದ್ರದ ಮೇಲೆ ಇಳಿಯುತ್ತ ಬಂದಾಗ ಗುಡುಗಿರಲಿಲ್ಲ, ಬಿರುಗಾಳಿಯಿರಲಿಲ್ಲ. ಕತ್ತಲೆಯಿತ್ತು, ಮಬ್ಬಿತ್ತು, ನೀರು ಯಾವುದು ಬಾನು ಯಾವುದು ಎಂದು ಕಾಣುತ್ತಿರಲಿಲ್ಲ. ದಿಕ್ಕುಗೆಟ್ಟು ವಿಮಾನದ ಹಿಡಿತ ತಪ್ಪಿತೆಂದು ತನಿಖೆ ಹೇಳಿತು. ನಮ್ಮ ಕರಾವಳಿಯಲ್ಲಿ ಅಂಥ ಮಬ್ಬು ವರ್ಷದಲ್ಲಿ ಎಷ್ಟು ಸಂಜೆ ಇರುತ್ತದೆಂದು ದೋಣಿ ನಡೆಸುವ ತಾಂಡೇಲರನ್ನು ಕೇಳಿ. ಪಡುವಣಕ್ಕೆ ಸಮುದ್ರ, ಮೂಡಲಿಗೆ ಕೈಗೆಟಕುವ ಹಾಗೆ ಘಟ್ಟ, ನಡುವೆ ಕಿರಿದಾದ ಪಟ್ಟಿ. ಮಳೆಗಾಲದಲ್ಲಿ ಮೋಡ ಗುಡ್ಡದ ಹೆಗಲ ಮೇಲೇ ಕೂತಿರುತ್ತದೆ.

2015ರ ಮಾರ್ಚ್ 24ರ ರಾತ್ರಿ ಗೋವಾದ ನೆಲೆಯಿಂದ ತರಬೇತಿಗೆ ಹಾರಿದ ನೌಕಾಪಡೆಯ ಡಾರ್ನಿಯರ್ ವಿಮಾನ ತೀರದಿಂದ ಸುಮಾರು 25 ನಾಟಿಕಲ್ ಮೈಲು ದೂರದಲ್ಲಿ ಸಮುದ್ರಕ್ಕೆ ಬಿತ್ತು. ಒಳಗಿದ್ದವರು ಮೂವರು. ಒಬ್ಬ ಅಧಿಕಾರಿಯನ್ನು ಮೀನುಗಾರರ ದೋಣಿ ಎತ್ತಿಕೊಂಡಿತು. ಇಬ್ಬರು ಸತ್ತರು. ಅವರಲ್ಲಿ ಲೆಫ್ಟಿನೆಂಟ್ ಕಿರಣ್ ಶೇಖಾವತ್ ಕರ್ತವ್ಯದಲ್ಲಿ ಮಡಿದ ನೌಕಾಪಡೆಯ ಮೊದಲ ಮಹಿಳಾ ಅಧಿಕಾರಿ. ಸುಮಾರು 60 ಮೀಟರ್ ಆಳದಲ್ಲಿ ಸಿಕ್ಕ ಅವಶೇಷದೊಳಗಿಂದ ಮುಳುಗುಗಾರರು ಅವರನ್ನು ಹೊರತಂದರು. ಯಾವ ಹೆಲಿಕಾಪ್ಟರಿಗಿಂತ ಮೊದಲು, ಕತ್ತಲಲ್ಲಿ, ಬದುಕಿದವರ ಹತ್ತಿರ ಇದ್ದದ್ದು ಒಂದು ಮೀನುದೋಣಿ ಎಂಬುದನ್ನು ಯೋಜನೆ ಮಾಡುವವರು ಗುರುತಿಸಬೇಕು. ನಮ್ಮ ಬೋಟುಗಳಿಗೆ ಇಂಥ ಹೊತ್ತಿನಲ್ಲಿ ಯಾವ ತರಂಗಾಂತರದಲ್ಲಿ ಕೂಗಬೇಕು, ಯಾರಿಗೆ ತಿಳಿಸಬೇಕು, ಗಾಯಾಳುವನ್ನು ಹೇಗೆ ಎತ್ತಬೇಕು ಎಂಬ ತರಬೇತಿಯನ್ನು ಅಲಗೇರಿಯ ಮೊದಲ ವಿಮಾನ ಹಾರುವ ಮೊದಲೇ ಕೊಡಬೇಕು. ಕೊಡುವುದು ಉಪಕಾರವೇನಲ್ಲ.

ಕಾರವಾರದಲ್ಲೇ 2020ರ ಅಕ್ಟೋಬರ್ 2ರಂದು ಟಾಗೋರ್ ತೀರದ ಮುಂದೆ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಬೆನ್ನಿಗೊಂದು ಎಂಜಿನ್, ತಲೆಯ ಮೇಲೊಂದು ಬಟ್ಟೆಯ ರೆಕ್ಕೆ. ಇದನ್ನು ಆಟವೆಂದು ಕರೆಯುತ್ತೇವೆ, ಟಿಕೇಟು ಮಾರುತ್ತೇವೆ. ನನ್ನ ದೃಷ್ಟಿಯಲ್ಲಿ ಇದೂ ವಿಮಾನವೇ. ನೀರಿನ ಮೇಲೆ ಹಾರಿಸುವ ಮೇಲೆ ತೇಲುಜಾಕೆಟ್ಟು, ಪಟ್ಟಿಗಳನ್ನು ಒಂದೇ ಏಟಿಗೆ ಬಿಚ್ಚುವ ವ್ಯವಸ್ಥೆ, ಕೆಳಗೆ ಸಿದ್ಧವಾಗಿ ನಿಂತ ಬೋಟು ಇವಿಲ್ಲದೆ ಯಾರನ್ನೂ ಮೇಲೆ ಕಳಿಸಕೂಡದು.

ಸೇನೆಯ ವಿಮಾನಗಳ ವಿಚಾರಣಾ ವರದಿಗಳು ಸಾಮಾನ್ಯವಾಗಿ ಸಾರ್ವಜನಿಕರ ಕೈಗೆ ಬರುವುದಿಲ್ಲ. ಗುಟ್ಟಿನ ಸಂಗತಿಗಳಿರುತ್ತವೆ, ಒಪ್ಪುತ್ತೇನೆ. ಆದರೆ ಅಲಗೇರಿಯಲ್ಲಿ ಒಂದೇ ರನ್‌ವೇಯನ್ನು ಸೇನೆಯೂ ಜನರೂ ಬಳಸುವುದಾದರೆ, ಹವೆ, ಪಕ್ಷಿ, ಸಂಪರ್ಕ, ರಕ್ಷಣೆ ಈ ವಿಷಯಗಳಲ್ಲಿ ತಿಳಿದದ್ದನ್ನು ನಾಗರಿಕ ವಿಭಾಗಕ್ಕೂ ಪಂಚಾಯಿತಿಗಳಿಗೂ ಹಂಚಿಕೊಳ್ಳುವ ಕ್ರಮವೊಂದು ಬೇಕು. ಪ್ರಕಟವಾದ ನಾಗರಿಕ ವರದಿಗಳ ಮುಖ್ಯ ಭಾಗಗಳಾದರೂ ಕನ್ನಡದಲ್ಲಿ ಬರಬೇಕು. ಬಿಡದಿಯ ರೈತನ ಹೊಲದಲ್ಲಿ ಬಿದ್ದದ್ದರ ಕಾರಣವನ್ನು ಆ ರೈತ ಓದಲಾಗದಿದ್ದರೆ ಅದು ಅರ್ಧ ಪ್ರಕಟಣೆ.

ಪಕ್ಷಿ ಎಂದೆ. ಇದು ಇಡೀ ವಿಷಯದಲ್ಲಿ ನಿಮ್ಮ ಕೈಯಲ್ಲೇ ಇರುವ ಭಾಗ. 1937ರ ವಿಮಾನ ನಿಯಮಗಳ 91ನೆಯ ನಿಯಮ, ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರ್ ತ್ರಿಜ್ಯದೊಳಗೆ ಪಕ್ಷಿಗಳನ್ನು ಸೆಳೆಯುವಂತೆ ಪ್ರಾಣಿಗಳನ್ನು ಕೊಯ್ಯುವುದನ್ನು, ಕಸ ಸುರಿಯುವುದನ್ನು ನಿಷೇಧಿಸುತ್ತದೆ. ಒಂದೇ ಎಂಜಿನ್ನಿನ ವಿಮಾನಕ್ಕೆ ಒಂದು ಹದ್ದು ಸಾಕು. ಈಗ ಅಲಗೇರಿಯನ್ನು ನಡುವೆ ಇಟ್ಟು ಹತ್ತು ಕಿಲೋಮೀಟರಿನ ವರ್ತುಲ ಎಳೆದು ನೋಡಿ. ಬೇಲೇಕೇರಿಯ ಬಂದರು, ಮೀನು ಒಣಗಿಸುವ ಕಣಗಳು, ಅಂಕೋಲೆಯ ಮೀನುಪೇಟೆ, ಬೆಳ್ಳಕ್ಕಿಗಳು ಸಾಲುಗಟ್ಟುವ ಗಜನಿ ಗದ್ದೆಗಳು, ಈ ಕೂಡುದಾರಿಯ ಹೋಟೆಲುಗಳ ಹಿಂದಿನ ಕಸ. ಎಲ್ಲವೂ ಬರುತ್ತವೆ. ನಾಳೆ ಯಾರೋ ಅಧಿಕಾರಿ ಬಂದು ‘ಒಣಮೀನು ಹಾಕಬೇಡಿ’ ಎಂದು ಒಂದು ಸಾಲಿನ ನೋಟಿಸು ಅಂಟಿಸಿ ಹೋಗುವ ಮೊದಲು, ಯಾವ ತಿಂಗಳು ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಎಷ್ಟು ಎತ್ತರದಲ್ಲಿ ಹಾರುತ್ತದೆ ಎಂಬ ಸಮೀಕ್ಷೆ ಒಂದು ಪೂರ್ತಿ ವರ್ಷ ಆಗಲಿ. ಗರುಡ ಯಾವ ಹೊತ್ತಿಗೆ ಕಣಕ್ಕೆ ಇಳಿಯುತ್ತದೆಂದು ಅಲ್ಲಿ ಮೀನು ಹರಡುವ ಹೆಂಗಸರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ವಿಮಾನ ನಿಲ್ದಾಣಗಳಿಗೆ ಪರಿಸರ ನಿರ್ವಹಣಾ ಸಮಿತಿಗಳು ಇರುತ್ತವೆ. ಅಲಗೇರಿಯ ಸಮಿತಿಯಲ್ಲಿ ಆ ಹೆಂಗಸರ ಪ್ರತಿನಿಧಿಗೊಂದು ಕುರ್ಚಿ ಇರಲಿ, ಒಣಮೀನಿನ ಕಣಗಳಿಗೆ ಬಲೆ ಹೊದಿಸುವ, ಮುಚ್ಚಿದ ಒಣಗೂಡುಗಳನ್ನು ಕಟ್ಟಿಕೊಡುವ ಖರ್ಚು ಯೋಜನೆಯ ಲೆಕ್ಕದಲ್ಲೇ ಸೇರಲಿ. ಸರಸ್‌ನ ವಿಧಾನ ಬರೆದವರು ಪ್ರೊಪೆಲ್ಲರ್ ಮಾಡಿದವರನ್ನು ಕೇಳಬೇಕಿತ್ತು. ಅಲಗೇರಿಯ ರನ್‌ವೇ ಬರೆಯುವವರು ಬೇಲೇಕೇರಿಯನ್ನು ಕೇಳಬೇಕು. ಈ ಬೇಡಿಕೆಯನ್ನು ಬರುವ ಗ್ರಾಮಸಭೆಯಲ್ಲೇ ಠರಾವಾಗಿ ಬರೆಸಿ, ಜಿಲ್ಲಾಧಿಕಾರಿಗಳಿಗೆ ಕಳಿಸಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಬೇಕಾದ ಅಂಕಿ, ನಕಾಶೆ, ನಿಯಮದ ಪ್ರತಿಗಳನ್ನು ತಯಾರಿಸಿಕೊಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.